ನಾಲ್ಕನೇ ತರಗತಿಗೆ ಬಂದ ಮಗು: ನಂಜನಗೂಡು, ತಿ. ನರಸೀಪುರದ ಶಾಲೆಗಳಲ್ಲಿ ಬೌದ್ಧಿಕ ವಿಕಲಚೇತನ ಮಕ್ಕಳ ಕಲಿಕೆ



ಈ ದತ್ತಿ ಉಪನ್ಯಾಸದ ವಿಷಯ ಪ್ರಾಥಮಿಕ ಶಿಕ್ಷಣ. ಅದರೊಳಗೆ ಯಾವುದನ್ನು ಬೇಕಾದರೂ ಆರಿಸಿಕೊಳ್ಳಬಹುದು ಎಂದು ದಾನಿಗಳು ಹೇಳಿದ್ದರು. ಹಾಜರಿ ಕರೆಯುವಾಗ ಮಾತ್ರ ತಮ್ಮ ಹೆಸರನ್ನು ಕೇಳಿಸಿಕೊಳ್ಳುವ ಮಕ್ಕಳ ಬಗ್ಗೆ ಮಾತನಾಡಬೇಕು ಅನಿಸಿತು. ಬೌದ್ಧಿಕ ವಿಕಲಚೇತನ ಮಕ್ಕಳು ಇಂದು ನಮ್ಮ ಶಾಲೆಗಳಲ್ಲಿದ್ದಾರೆ. ಮೂವತ್ತು ವರ್ಷದ ಹಿಂದೆ ಇರಲಿಲ್ಲ; ಮನೆಯ ಜಗಲಿಯಲ್ಲಿ, ಕೊಟ್ಟಿಗೆಯ ಹತ್ತಿರ, ಅಜ್ಜಿಯ ಮಗ್ಗುಲಲ್ಲಿ ಇರುತ್ತಿದ್ದರು. ಈಗ ಅವರ ಹೆಸರು ದಾಖಲಾತಿ ಪುಸ್ತಕದಲ್ಲಿದೆ, ಸಮವಸ್ತ್ರವಿದೆ, ಬಿಸಿಯೂಟದ ತಟ್ಟೆಯಿದೆ. ಇಲ್ಲದಿರುವುದು ಪಾಠ. ನಾನು ಹೇಳಬೇಕಾದ ಮಾತು ಇಷ್ಟೇ: ಈ ಮಕ್ಕಳಿಗೆ ಕಲಿಸುವ ದಾರಿ ನಮಗೆ ಗೊತ್ತಿಲ್ಲದ್ದೇನಲ್ಲ. ಅದು ಇದೇ ಮೈಸೂರು ಜಿಲ್ಲೆಯಲ್ಲಿ ಹುಟ್ಟಿ, ನಮ್ಮದೇ ಒಂದನೇ ತರಗತಿಯ ಕೋಣೆಗಳಲ್ಲಿ ದಿನವೂ ನಡೆಯುತ್ತಿದೆ. ಮಗು ನಾಲ್ಕನೇ ತರಗತಿಗೆ ಬಂದ ದಿನ ನಾವೇ ಅದನ್ನು ನಿಲ್ಲಿಸುತ್ತೇವೆ.

ಮೊದಲು ಮಗು ಯಾರು ಎಂಬುದನ್ನು ನೋಡೋಣ. 2011ರ ಜನಗಣತಿಯಲ್ಲಿ ದೇಶದಲ್ಲಿ 2.68 ಕೋಟಿ ವಿಕಲಚೇತನರನ್ನು ಎಣಿಸಿದರು. ಅವರಲ್ಲಿ ಸುಮಾರು 15 ಲಕ್ಷ ಮಂದಿ ಬೌದ್ಧಿಕ ನ್ಯೂನತೆ ಇರುವವರು. ಈ ಸಂಖ್ಯೆ ವಾಸ್ತವಕ್ಕಿಂತ ಕಡಿಮೆ ಎಂದು ಭಾವಿಸಲು ಕಾರಣವಿದೆ. ಕಣ್ಣು ಕಾಣದ, ಕಾಲು ಸ್ವಾಧೀನವಿಲ್ಲದ ಮಗುವನ್ನು ಗಣತಿದಾರರು ನೋಡಿದರೆ ಗೊತ್ತಾಗುತ್ತದೆ. ಬುದ್ಧಿಯ ಬೆಳವಣಿಗೆ ನಿಧಾನವಾಗಿರುವ ಮಗುವನ್ನು ಮನೆಯವರು ಹೇಳಿದರಷ್ಟೇ ಬರೆದುಕೊಳ್ಳಬೇಕು, ಮನೆಯವರಿಗೋ ಹೇಳಲು ಸಂಕೋಚ. ಅದರಲ್ಲೂ ಈ ಮಕ್ಕಳಲ್ಲಿ ಬಹುಪಾಲು ನ್ಯೂನತೆ ಕಡಿಮೆ ಇರುವ ಸೌಮ್ಯ ಗುಂಪಿಗೆ ಸೇರಿದವರು. ಡೌನ್ ಸಿಂಡ್ರೋಮ್ ಇರುವ ಮಗುವನ್ನು ಮುಖ ನೋಡಿ ಗುರುತಿಸುತ್ತೇವೆ. ಸೌಮ್ಯ ಗುಂಪಿನ ಮಗು ಎಲ್ಲ ಮಕ್ಕಳ ಹಾಗೆಯೇ ಕಾಣುತ್ತದೆ, ಆಡುತ್ತದೆ, ಹೇಳಿದ ಕೆಲಸ ಮಾಡುತ್ತದೆ. ಕಪ್ಪುಹಲಗೆಯಲ್ಲಿರುವುದನ್ನು ನೋಡಿಕೊಂಡು ಅಂದವಾಗಿ ಬರೆಯುತ್ತದೆ. ಬರೆದದ್ದನ್ನು ಓದು ಅಂದರೆ ತಲೆ ತಗ್ಗಿಸುತ್ತದೆ. ಅಂಥ ಮಗುವಿಗೆ ದಡ್ಡ, ಸೋಮಾರಿ ಎಂಬ ಹೆಸರು ಬೀಳುತ್ತದೆ, ಏಟೂ ಬೀಳುತ್ತದೆ. ಗುರುತಿಸದೆ ಹೋದ ಈ ಮಕ್ಕಳೇ ನಮ್ಮ ಶಾಲೆಗಳಲ್ಲಿ ಹೆಚ್ಚು.

ಇನ್ನು ಗುರುತಿಸಿದ ಮಕ್ಕಳ ಕಥೆ ಬೇರೆ. ಅವರ ಕೈಯಲ್ಲಿ ಪ್ರಮಾಣಪತ್ರ ಇರುತ್ತದೆ. ಅದರಲ್ಲಿ ಶೇಕಡಾ 50 ಅಥವಾ 75 ಅಥವಾ 90 ಎಂದು ಬರೆದಿರುತ್ತದೆ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯ ಪ್ರಕಾರ ಸೌಮ್ಯ ಗುಂಪಿಗೆ 50, ಮಧ್ಯಮಕ್ಕೆ 75, ತೀವ್ರಕ್ಕೆ 90. ಮಾಸಾಶನಕ್ಕೆ, ಬಸ್ ಪಾಸಿಗೆ, ಗುರುತಿನ ಚೀಟಿಗೆ ಈ ಅಂಕಿ ಬೇಕೇ ಬೇಕು. ತರಗತಿಯಲ್ಲಿ ಮಾತ್ರ ಇದು ತಪ್ಪು ತಿಳಿವಳಿಕೆಗೆ ದಾರಿ. ಶೇಕಡಾ 75 ಎಂದು ಓದಿದ ಕೂಡಲೇ, ಮಗುವಿನಲ್ಲಿ ಉಳಿದಿರುವುದು ಕಾಲು ಭಾಗ ಬುದ್ಧಿ ಎಂದು ಎಷ್ಟೋ ಜನ ಭಾವಿಸುತ್ತಾರೆ. ಹಾಗಲ್ಲ. ಸ್ನಾನ, ಊಟ, ಮಾತು, ಓಡಾಟ, ಜನರೊಡನೆ ಬೆರೆಯುವುದು ಇವನ್ನು ಆ ವಯಸ್ಸಿನ ಬೇರೆ ಮಕ್ಕಳು ಎಷ್ಟು ಮಾಡುತ್ತಾರೆ, ಈ ಮಗು ಎಷ್ಟು ಮಾಡುತ್ತಿದೆ ಎಂದು ಹೋಲಿಸಿ, ಆ ದಿನದ ಲೆಕ್ಕಕ್ಕೆ ಸರ್ಕಾರ ಒಂದು ದರ್ಜೆ ಕೊಟ್ಟಿದೆ, ಅಷ್ಟೇ. ಕಲಿಸಿದರೆ ಮಗು ಏನೇನು ಕಲಿತೀತು ಎಂಬುದನ್ನು ಆ ಕಾಗದ ಹೇಳುವುದಿಲ್ಲ.

ಬುದ್ಧಿಯನ್ನು ಅಳೆಯುವ ಪರೀಕ್ಷೆ ಶುರುವಾದದ್ದೂ ಮಕ್ಕಳನ್ನು ಹೊರಗಿಡಲು ಅಲ್ಲ. ಫ್ರಾನ್ಸಿನ ಆಲ್ಫ್ರೆಡ್ ಬಿನೆ 1905ರಲ್ಲಿ ತಮ್ಮ ಪರೀಕ್ಷೆಯನ್ನು ರೂಪಿಸಿದ್ದು, ಶಾಲೆಯಲ್ಲಿ ಹಿಂದೆ ಬಿದ್ದ ಮಕ್ಕಳಲ್ಲಿ ಯಾರಿಗೆ ವಿಶೇಷ ಪಾಠ ಬೇಕು ಎಂದು ತಿಳಿಯಲು. ಆ ಪರೀಕ್ಷೆ ಕನ್ನಡಕ್ಕೆ ಬಂದದ್ದು ಬಹಳ ಬೇಗ. ಧಾರವಾಡದಲ್ಲಿ ಕೆಲಸ ಮಾಡುತ್ತಿದ್ದ ವಿ. ವಿ. ಕಾಮತ್ ಅವರು 1934ರಲ್ಲಿ ಅದನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದರು. ಬಿನೆ–ಕಾಮತ್ ಪರೀಕ್ಷೆ ಎಂದು ಆಸ್ಪತ್ರೆಯ ವರದಿಗಳಲ್ಲಿ ನೀವು ಇಂದಿಗೂ ಓದುವುದು ಅದನ್ನೇ. 1970ರ ದಶಕದಲ್ಲಿ ಮೈಸೂರಿನ ಜೆ. ಭರತ್ ರಾಜ್ ಅವರು ಪುಟ್ಟ ಮಕ್ಕಳ ಬೆಳವಣಿಗೆಯನ್ನು ತಾಯಿಯನ್ನು ಕೇಳಿಯೇ ಅಂದಾಜು ಮಾಡಬಹುದಾದ ಒಂದು ಪರೀಕ್ಷೆಯನ್ನು ಸಿದ್ಧಪಡಿಸಿದರು. ಹೀಗೆ ಅಳೆಯುವ ವಿದ್ಯೆಯಲ್ಲಿ ಕರ್ನಾಟಕ ಹಿಂದೆ ಬಿದ್ದಿಲ್ಲ. ಅಳೆದ ಮೇಲೆ ಬಿನೆ ಬಯಸಿದ ಪಾಠವನ್ನು ಕೊಡುವುದರಲ್ಲಿ ಹಿಂದೆ ಬಿದ್ದಿದ್ದೇವೆ.

ಇಲ್ಲಿ ಇನ್ನೊಂದು ಚರಿತ್ರೆಯನ್ನು ನೆನೆಯಬೇಕು. 1800ರಲ್ಲಿ ಫ್ರಾನ್ಸಿನ ಅವೆರಾನ್ ಕಾಡಿನಂಚಿನಲ್ಲಿ ಮಾತು ಬಾರದ ಹುಡುಗನೊಬ್ಬ ಸಿಕ್ಕ. ಅವನಿಗೆ ಕಲಿಸಿ ಪ್ರಯೋಜನವಿಲ್ಲ ಎಂದು ದೊಡ್ಡ ವೈದ್ಯರು ಹೇಳಿದರೂ ಇಟಾರ್ ಎಂಬ ತರುಣ ವೈದ್ಯ ಐದಾರು ವರ್ಷ ಕಲಿಸಿದ. ಹುಡುಗ ಪೂರ್ತಿ ಮಾತು ಕಲಿಯಲಿಲ್ಲ. ಆದರೆ ಪದಗಳನ್ನು ಗುರುತಿಸಿದ, ಮೇಜು ಅಣಿಮಾಡಿದ, ತನ್ನನ್ನು ನೋಡಿಕೊಂಡವರ ದುಃಖವನ್ನು ಅರಿತ. ಇಟಾರ್‌ನ ಶಿಷ್ಯ ಸೆಗಾ ಆ ಅನುಭವದಿಂದ ಬೌದ್ಧಿಕ ನ್ಯೂನತೆಯ ಮಕ್ಕಳಿಗೆಂದೇ ಕಲಿಕಾ ಸಾಮಗ್ರಿಗಳನ್ನು ಮಾಡಿದ. ಹತ್ತು ಮರದ ಆಕೃತಿಗಳನ್ನು ಅವುಗಳ ಗುಳಿಯಲ್ಲಿ ಕೂರಿಸುವ ಫಲಕ ಅವನದು. ಮೈಸೂರಿನ ಚಿಕಿತ್ಸಾಲಯಗಳಲ್ಲಿ ಈ ಮಕ್ಕಳ ಮುಂದೆ ಇಡುವುದು ಅದನ್ನೇ. ಮುಂದೆ ರೋಮ್ ನಗರದಲ್ಲಿ ಮರಿಯಾ ಮಾಂಟೆಸೊರಿ ಅದೇ ಸಾಮಗ್ರಿಗಳನ್ನು ಹಿಡಿದು ಇಂಥ ಮಕ್ಕಳಿಗೆ ಕಲಿಸಿದರು. ಅವರಲ್ಲಿ ಕೆಲವರು ಸಾಮಾನ್ಯ ಮಕ್ಕಳ ಪರೀಕ್ಷೆಯಲ್ಲಿ ಪಾಸಾದರು. ಜನ ಬೆರಗಾದಾಗ ಮಾಂಟೆಸೊರಿ ಕೇಳಿಕೊಂಡದ್ದು ಬೇರೆಯೇ ಪ್ರಶ್ನೆ: ಆರೋಗ್ಯವಂತ ಮಕ್ಕಳನ್ನು ಇಷ್ಟು ಕೆಳಗೆ ಇಟ್ಟಿರುವ ನಮ್ಮ ಶಾಲೆಗಳಲ್ಲಿ ಏನು ದೋಷವಿದೆ? ಆ ಮೇಲೆ 1907ರಲ್ಲಿ ಅವರು ಎಲ್ಲ ಮಕ್ಕಳಿಗಾಗಿ ಶಾಲೆ ತೆರೆದರು. ನಗರದ ಶ್ರೀಮಂತರು ಸಾವಿರಾರು ರೂಪಾಯಿ ಕೊಟ್ಟು ಮಕ್ಕಳನ್ನು ಸೇರಿಸುವ ಮಾಂಟೆಸೊರಿ ಪದ್ಧತಿ ಮೊದಲು ಪರೀಕ್ಷೆಗೊಳಗಾದದ್ದು ಬೌದ್ಧಿಕ ವಿಕಲಚೇತನ ಮಕ್ಕಳ ನಡುವೆ. ಈ ಮಕ್ಕಳಿಗೆ ನಾವು ಉಪಕಾರ ಮಾಡುತ್ತಿದ್ದೇವೆ ಎಂಬ ಭಾವನೆ ಯಾರಿಗಾದರೂ ಇದ್ದರೆ, ಋಣ ಯಾರದು ಎಂದು ಯೋಚಿಸಬೇಕು.

ಈಗ ಮನೆಗೆ ಬರೋಣ. 1995ರಲ್ಲಿ ನಮ್ಮ ಪಕ್ಕದ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಿಕ್ಷಕರು ಯುನಿಸೆಫ್ ನೆರವಿನಿಂದ ಆಂಧ್ರದ ರಿಷಿವ್ಯಾಲಿಗೆ ಹೋಗಿ ಅಲ್ಲಿನ ಗ್ರಾಮೀಣ ಶಾಲೆಗಳನ್ನು ನೋಡಿ ಬಂದರು. ಬಂದು ತಾವೇ ಕೂತು ಕಾರ್ಡುಗಳನ್ನು ಬರೆದರು, ಹಾಡು ಕಟ್ಟಿದರು. ಅದು ನಲಿಕಲಿ. 2009–10ರಿಂದ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಇಲ್ಲಿರುವ ಶಿಕ್ಷಕರಿಗೆ ನಲಿಕಲಿಯನ್ನು ವಿವರಿಸುವ ಅಗತ್ಯವಿಲ್ಲ, ಆದರೆ ಅದನ್ನು ಬೌದ್ಧಿಕ ವಿಕಲಚೇತನ ಮಗುವಿನ ಕಡೆಯಿಂದ ಒಮ್ಮೆ ನೋಡಿ ಎಂದು ಕೇಳಿಕೊಳ್ಳುತ್ತೇನೆ.

ನಲಿಕಲಿಯಲ್ಲಿ ಒಂದನೇ ತರಗತಿಯ ಮಗುವೂ ಮೂರನೆಯ ತರಗತಿಯ ಮಗುವೂ ಒಂದೇ ಕೋಣೆಯಲ್ಲಿ ಕೂರುತ್ತವೆ. ಹಾಗಾಗಿ ವಯಸ್ಸಿಗೆ ತಕ್ಕ ಪಾಠ ಬರಲಿಲ್ಲ ಎಂದು ಯಾರೂ ಎದ್ದು ಕಾಣುವುದಿಲ್ಲ. ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ; ಮಗು ತಾನು ಇರುವ ಮೆಟ್ಟಿಲಿನಿಂದ ಮುಂದಿನದಕ್ಕೆ ಹೋಗುತ್ತದೆ, ಪಕ್ಕದವನ ಮೆಟ್ಟಿಲಿಗೆ ಓಡಬೇಕಾಗಿಲ್ಲ. ಜ್ವರ ಬಂದು ಹದಿನೈದು ದಿನ ಬಿಟ್ಟರೂ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಶುರು. ಕಾರ್ಡಿನ ಮೇಲೆ ಚಿತ್ರವಿರುತ್ತದೆ, ಓದಲು ಬಾರದ ಮಗುವೂ ತನ್ನ ಕಾರ್ಡನ್ನು ತಾನೇ ಹುಡುಕಿಕೊಳ್ಳುತ್ತದೆ. ಅಕ್ಷರಗಳನ್ನು ಅ ಆ ಇ ಈ ಎಂದು ಸಾಲಾಗಿ ಹೇಳಿಕೊಡದೆ, ಬರೆಯಲು ಸುಲಭವಾದ ರ, ಗ, ಸ, ದ, ಅ ಎಂದು ಶುರುಮಾಡಿ, ಆ ಐದರಲ್ಲೇ ಪದ ಕಟ್ಟಿಸುತ್ತಾರೆ: ಸರ, ಗರಗಸ, ಅರಸ. ಶಿಕ್ಷಕರ ಪೂರ್ಣ ಸಹಾಯ ಬೇಕಾದವರು ಒಂದು ಗುಂಪು, ಸ್ವಲ್ಪ ಸಹಾಯ ಸಾಕಾದವರು ಒಂದು ಗುಂಪು, ಗೆಳೆಯರ ಜೊತೆ ಕಲಿಯುವವರು, ತಾವೇ ಮಾಡಿಕೊಳ್ಳುವವರು ಹೀಗೆ ಒಂದೊಂದು ಗುಂಪಿಗೆ ಒಂದೊಂದು ತಟ್ಟೆ.

ಸಹಾಯವನ್ನು ಪೂರ್ತಿ ಕೊಟ್ಟು ಮೆಲ್ಲಗೆ ಕಡಿಮೆ ಮಾಡುತ್ತ ಬರುವುದು, ಪಾಠವನ್ನು ಸಣ್ಣ ಮೆಟ್ಟಿಲುಗಳಾಗಿ ಒಡೆಯುವುದು, ಪ್ರತಿ ಮಗುವಿಗೂ ಅದರದೇ ವೇಗ, ಅದರದೇ ಪ್ರಗತಿಯ ದಾಖಲೆ. ವಿಶೇಷ ಶಿಕ್ಷಣದ ಡಿಪ್ಲೊಮಾ ತರಗತಿಯಲ್ಲಿ ಕಲಿಸುವ ತತ್ವಗಳ ತಿರುಳು ಇದೇ. ಹೆಗ್ಗಡದೇವನಕೋಟೆಯ ಶಿಕ್ಷಕರು ವಿಕಲಚೇತನ ಮಕ್ಕಳಿಗೆಂದು ಇದನ್ನು ಮಾಡಲಿಲ್ಲ; ಒಬ್ಬರೇ ಶಿಕ್ಷಕರು ಹಲವು ತರಗತಿ ನಡೆಸುವ ಹಳ್ಳಿ ಶಾಲೆಗೆ ಮಾಡಿದರು. ಆದರೂ ಸೌಮ್ಯ ಮತ್ತು ಮಧ್ಯಮ ಗುಂಪಿನ ಎಷ್ಟೋ ಮಕ್ಕಳು ನಲಿಕಲಿ ಕೋಣೆಯಲ್ಲಿ ಮೂರು ವರ್ಷ ನೆಮ್ಮದಿಯಾಗಿ ಕಳೆಯುವುದನ್ನು, ಅಲ್ಪಸ್ವಲ್ಪ ಕಲಿಯುವುದನ್ನು ನಾನು ಕಂಡಿದ್ದೇನೆ.

ನಾಲ್ಕನೇ ತರಗತಿ ಬರುತ್ತದೆ. ಏಣಿ ಇಲ್ಲ. ತಟ್ಟೆ ಇಲ್ಲ. ಕನ್ನಡ, ಗಣಿತ, ಪರಿಸರ, ಇಂಗ್ಲಿಷ್ ಎಂದು ಪುಸ್ತಕಗಳು. ನಲವತ್ತು ನಿಮಿಷದ ಅವಧಿಗಳು. ಇಡೀ ತರಗತಿಗೆ ಒಂದೇ ಪುಟ. ಏಣಿಯ ಹತ್ತನೇ ಮೆಟ್ಟಿಲಲ್ಲಿದ್ದ ಮಗು ಬೇಸಿಗೆ ರಜೆ ಮುಗಿಸಿ ಬಂದಾಗ ಅದರ ಮುಂದೆ ಭಾಗಿಸುವ ಲೆಕ್ಕ ಇರುತ್ತದೆ. ಜೂನ್‌ನಲ್ಲಿ ಮಗು ಕಿಟಕಿ ಕಡೆ ನೋಡಲು ಆರಂಭಿಸುತ್ತದೆ. ದಸರಾ ಹೊತ್ತಿಗೆ ವಾರಕ್ಕೆ ಎರಡು ದಿನ ಬರುವುದಿಲ್ಲ. ಐದನೇ ತರಗತಿಗೆ ಬಂದಾಗ ಅದು ಶಾಲೆಯಲ್ಲಿ ಗಂಟೆ ಹೊಡೆಯುವ, ನೀರು ತರುವ, ಸಣ್ಣ ಮಕ್ಕಳ ಚಪ್ಪಲಿ ಜೋಡಿಸುವ ಹುಡುಗ. ಮನೆಯವರಿಗೂ ಅಷ್ಟರಲ್ಲಿ ಸಮಾಧಾನವಾಗಿರುತ್ತದೆ. "ಸುಮ್ನೆ ಕೂತ್ಕಳ್ಲಿ ಬುಡಿ ಸಾ, ಊಟ ಮಾಡ್ಕಂಡು ಬತ್ತನೆ" ಎಂದು ತಂದೆ ಹೇಳುತ್ತಾರೆ. ಆ ತಂದೆಯನ್ನು ನಾನು ದೂರುವುದಿಲ್ಲ. ಅವರಿಗೆ ಇದಕ್ಕಿಂತ ಹೆಚ್ಚನ್ನು ನಾವು ತೋರಿಸಿಲ್ಲ.

ಏಣಿಯನ್ನು ನಾಲ್ಕು, ಐದಕ್ಕೆ ಮುಂದುವರಿಸುವುದು ಆಗದ ಮಾತೇ? ಕೊರೊನಾ ಮುಗಿದ ಮೇಲೆ 2022–23ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಶಾಲೆಗಳೂ ಕಲಿಕಾ ಚೇತರಿಕೆ ಎಂಬ ವರ್ಷವನ್ನು ನಡೆಸಿದವು. ತರಗತಿ ಯಾವುದಾದರೂ ಇರಲಿ, ಮಗು ಎಲ್ಲಿ ನಿಂತಿದೆಯೋ ಅಲ್ಲಿಂದ ಕಲಿಸಿ ಎಂದು ಇಲಾಖೆಯೇ ಹೇಳಿತು, ಹಾಳೆಗಳನ್ನು ಮುದ್ರಿಸಿ ಕೊಟ್ಟಿತು. ಎರಡು ವರ್ಷ ಶಾಲೆ ಇಲ್ಲದೆ ಹಿಂದೆ ಬಿದ್ದ ಮಕ್ಕಳಿಗೆ ಸಾಧ್ಯವಾದದ್ದು, ಹುಟ್ಟಿನಿಂದ ನಿಧಾನವಾಗಿರುವ ಮಗುವಿಗೆ ಏಕೆ ಸಾಧ್ಯವಿಲ್ಲ? ಗಣಿತ ಕಲಿಕಾ ಆಂದೋಲನದ ಪೆಟ್ಟಿಗೆ ನಾಲ್ಕು, ಐದನೇ ತರಗತಿಗೆಂದೇ ಬಂದಿದೆ. ಅದರಲ್ಲಿ ಮಣಿಚೌಕಟ್ಟು, ಹತ್ತರ ಕಟ್ಟು, ಆಟದ ನೋಟು, ಗಡಿಯಾರ ಎಲ್ಲ ಇವೆ. ದಯವಿಟ್ಟು ನಿಮ್ಮ ಶಾಲೆಯ ಬೀರುವನ್ನು ತೆಗೆದು ನೋಡಿ.

ಏನನ್ನು ಕಲಿಸಬೇಕು ಎಂಬ ಪ್ರಶ್ನೆಗೆ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ. ಶಿಕ್ಷಕರು ನನ್ನನ್ನು ಅತಿ ಹೆಚ್ಚು ಕೇಳುವುದು ಇದನ್ನೇ.

ಅಂಗಿ ಹಾಕಿಕೊಳ್ಳುವುದನ್ನು ತೆಗೆದುಕೊಳ್ಳಿ. ನಮಗೆ ಅದು ಒಂದು ಕೆಲಸ. ಬಿಡಿಸಿ ನೋಡಿದರೆ ಅಂಗಿಯ ಮುಂಭಾಗ ಯಾವುದೆಂದು ತಿಳಿಯಬೇಕು, ಒಂದು ತೋಳು, ಬೆನ್ನ ಹಿಂದಿನಿಂದ ಎಳೆದು ಇನ್ನೊಂದು ತೋಳು, ಎರಡು ಅಂಚನ್ನು ಕೂಡಿಸಿ ಗುಂಡಿ. ಮೊದಲಿನಿಂದ ಕಲಿಸಲು ಹೋದರೆ ಮಗು ಮೊದಲ ಹೆಜ್ಜೆಯಲ್ಲೇ ಸೋತು ಅಳುತ್ತದೆ. ಆದ್ದರಿಂದ ಕೊನೆಯಿಂದ ಶುರುಮಾಡಬೇಕು. ಎಲ್ಲವನ್ನೂ ನೀವೇ ಮಾಡಿ, ಕೊನೆಯ ಗುಂಡಿಯನ್ನು ಅರ್ಧ ತೂರಿಸಿ ಬಿಡಿ, ಮಗು ಎಳೆದುಕೊಳ್ಳಲಿ. ಅಂಗಿ ಹಾಕಿಕೊಂಡ ಗೆಲುವು ಅದರದಾಗುತ್ತದೆ. ಮಾರನೆಯ ವಾರ ಆ ಗುಂಡಿಯನ್ನು ಪೂರ್ತಿ ಅದೇ ಹಾಕಲಿ. ಹೀಗೆ ಹಿಂದೆ ಹಿಂದೆ ಬರುತ್ತ ಒಂದು ದಿನ ಮಗು ಗೂಟದಿಂದ ಅಂಗಿಯನ್ನು ತಾನೇ ತೆಗೆದುಕೊಳ್ಳುತ್ತದೆ. ಹತ್ತಿರದ ದಾರಿ ಯಾವುದೂ ಇಲ್ಲ. ದಿನವೂ ಮಾಡಿಸಬೇಕು.

ಇನ್ನು ಲೆಕ್ಕ. ಒಂದರಿಂದ ನೂರರವರೆಗೆ ಬಾಯಿಪಾಠ ಹೇಳುವ ಮಗುವಿಗೆ, ಮೂರು ಲೋಟ ತಾ ಅಂದರೆ ಕೈಗೆ ಸಿಕ್ಕಷ್ಟು ತರುತ್ತದೆ. ಎಣಿಕೆಯ ಹಾಡು ಬಂದಿದೆ, ಎಣಿಕೆ ಬಂದಿಲ್ಲ. ಇದನ್ನು ಸರಿಪಡಿಸಲು ಬಿಸಿಯೂಟಕ್ಕಿಂತ ಒಳ್ಳೆಯ ಪಾಠವಿಲ್ಲ. ಐದು ಮಕ್ಕಳ ಸಾಲಿಗೆ ಐದು ತಟ್ಟೆ ಹಂಚಲು ಈ ಮಗುವಿಗೆ ಹೇಳಿ. ಒಬ್ಬರಿಗೊಂದು. ಒಂದು ತಟ್ಟೆ ಉಳಿದರೆ, ಒಬ್ಬರಿಗೆ ಬರದೆ ಹೋದರೆ ಮಗುವಿಗೆ ಕಣ್ಣಾರೆ ಕಾಣುತ್ತದೆ. ಕೆನೆಭರಿತ ಹಾಲು ಕೊಡುವ ದಿನ ಲೋಟ, ಮೊಟ್ಟೆ ಕೊಡುವ ದಿನ ಮೊಟ್ಟೆ. ಇದನ್ನು ಪಾಠ ಎಂದು ನೆನಪಿಟ್ಟುಕೊಂಡು ಮಾಡಿಸಬೇಕು, ಇಲ್ಲವಾದರೆ ಅದೇ ಚಾಕರಿಯಾಗಿಬಿಡುತ್ತದೆ. ವ್ಯತ್ಯಾಸ ಇರುವುದು ಶಿಕ್ಷಕರ ನೋಟ್‌ಪುಸ್ತಕದಲ್ಲಿ. ಇವತ್ತು ಐದು ತಟ್ಟೆ ಸರಿಯಾಯಿತು, ನಾಳೆ ಆರು ಎಂದು ಅಲ್ಲಿ ಬರೆದಿದ್ದರೆ ಅದು ಶಿಕ್ಷಣ.

ಹಣದ ಪಾಠಕ್ಕೆ ಅಂಗಡಿಗೇ ಹೋಗಬೇಕು. ಶಾಲೆಯಲ್ಲಿ ಆಟದ ನೋಟನ್ನು ಗುರುತಿಸಿದ ಮಗು ಅಂಗಡಿಯ ಮುಂದೆ ನಿಜವಾದ ನೋಟನ್ನು ಗುರುತಿಸುತ್ತದೆ ಎಂದು ನಂಬಬೇಡಿ. ಒಂದೆಡೆ ಕಲಿತದ್ದನ್ನು ಇನ್ನೊಂದೆಡೆಗೆ ಒಯ್ಯುವುದೇ ಈ ಮಕ್ಕಳಿಗೆ ಎಲ್ಲಕ್ಕಿಂತ ಕಷ್ಟ. ಶಾಲೆಯ ಹತ್ತಿರದ ಅಂಗಡಿಯವರಿಗೆ ಮೊದಲೇ ಒಂದು ಮಾತು ಹೇಳಿಡಿ. ಹತ್ತು ರೂಪಾಯಿ ಕೊಟ್ಟು ಐದು ರೂಪಾಯಿಯ ಬಿಸ್ಕತ್ತು ಕೇಳಿ, ಚಿಲ್ಲರೆಗೆ ಕೈ ಚಾಚಿ ನಿಲ್ಲುವುದನ್ನು ಅಲ್ಲಿಯೇ ಕಲಿಸಿ. ಚಿಲ್ಲರೆಗೆ ಕಾಯದೆ ಓಡಿಬರುವುದು ಎಲ್ಲ ಮಕ್ಕಳೂ ಮಾಡುವ ತಪ್ಪು. ಕಾಯುವುದನ್ನು ಕಲಿಯಲು ಈ ಮಗುವಿಗೆ ತಿಂಗಳುಗಳು ಬೇಕು. ಕಲಿತದ್ದನ್ನು ದಿನವೂ ಮಾಡಿಸುತ್ತಿದ್ದರೆ ಮರೆಯುವುದಿಲ್ಲ.

ಓದಿನ ವಿಷಯದಲ್ಲಿ ಕನ್ನಡ ಲಿಪಿಯ ತೊಡಕು ನಿಮಗೆ ಗೊತ್ತು. ಒಂದು ಕಕಾರಕ್ಕೇ ಕಾಗುಣಿತದ ಅಷ್ಟು ರೂಪ, ಮೇಲೆ ಒತ್ತಕ್ಷರ. ಮಧ್ಯಮ ಗುಂಪಿನ ಮಗುವಿಗೆ ಇದೆಲ್ಲ ಬಂದ ಮೇಲೆ ಓದಿಸುತ್ತೇನೆ ಎಂದು ಕಾದರೆ ಮಗುವಿಗೆ ಮದುವೆ ವಯಸ್ಸಾಗುತ್ತದೆ. ಕೆಲವು ಪದಗಳನ್ನು ಇಡಿಯಾಗಿ, ಆಕಾರವಾಗಿಯೇ ಕಲಿಸಬೇಕು: ತನ್ನ ಹೆಸರು, ಅಪ್ಪನ ಹೆಸರು, ಊರು. ಬಸ್ಸಿನ ಹಣೆಯ ಮೇಲಿನ ಬೋರ್ಡು: ಮೈಸೂರು, ನಂಜನಗೂಡು, ಹುಲ್ಲಹಳ್ಳಿ, ಬನ್ನೂರು, ತಲಕಾಡು. ಆಮೇಲೆ ಹೆಂಗಸರು, ಗಂಡಸರು, ಅಪಾಯ, ಔಷಧಿ. ಇಪ್ಪತ್ತು ಪದಗಳನ್ನು ಗುರುತಿಸುವ ಮಗು ಕಳೆದುಹೋಗುವುದಿಲ್ಲ. ಯಾವ ಇಪ್ಪತ್ತು ಎಂಬುದನ್ನು ತಾಯಿಯೊಡನೆ ಕೂತು ನಿರ್ಧರಿಸಿ. ವೈಯಕ್ತಿಕ ಶೈಕ್ಷಣಿಕ ಯೋಜನೆ ಎಂದು ಕಡತದಲ್ಲಿ ನಾವು ಬರೆಯುವ ದೊಡ್ಡ ಹೆಸರಿನ ಒಳಗೆ ಇರಬೇಕಾದದ್ದು ಇಂಥ ಪಟ್ಟಿ.

ಇದಕ್ಕೆಲ್ಲ ಜನ ಬೇಕು. ಸಮಗ್ರ ಶಿಕ್ಷಣ ಯೋಜನೆಯ ಅಡಿಯಲ್ಲಿ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಬಿ.ಐ.ಇ.ಆರ್.ಟಿ. ಎಂದು ಕರೆಯುವ ವಿಶೇಷ ಶಿಕ್ಷಕರಿದ್ದಾರೆ. ತಾಲ್ಲೂಕಿಗೆ ಬೆರಳೆಣಿಕೆಯಷ್ಟು ಮಂದಿ, ಶಾಲೆಗಳೋ ನೂರಾರು. ಅವರು ಕೇಂದ್ರದಲ್ಲಿ ಮಕ್ಕಳನ್ನು ನೋಡಬೇಕು, ಶಾಲೆಗೆ ಬರಲಾಗದ ಮಕ್ಕಳ ಮನೆಗೆ ಹೋಗಬೇಕು, ತಪಾಸಣಾ ಶಿಬಿರ ನಡೆಸಬೇಕು, ಸಾಧನ ಸಲಕರಣೆ ಹಂಚಬೇಕು, ಭತ್ಯೆಯ ಪಟ್ಟಿ ಮಾಡಬೇಕು. ಒಬ್ಬರಿಗೆ ಅರವತ್ತು ಶಾಲೆ ಎಂದಿಟ್ಟುಕೊಂಡು, ದಿನಕ್ಕೊಂದರಂತೆ ಬೇರೇನೂ ಮಾಡದೆ ಸುತ್ತಿದರೂ ಒಂದು ಶಾಲೆಗೆ ಮತ್ತೆ ಬರುವಷ್ಟರಲ್ಲಿ ಎರಡೂವರೆ ತಿಂಗಳು. ಅಷ್ಟು ದಿನದಲ್ಲಿ ಈ ಮಗು ಕಲಿತದ್ದನ್ನು ಮರೆತಿರುತ್ತದೆ. ಭೇಟಿ ಕೊಡುವ ಶಿಕ್ಷಕರಿಂದ ಈ ಮಕ್ಕಳ ಕಲಿಕೆ ಸಾಗುವುದಿಲ್ಲ. ಆ ಶಿಕ್ಷಕರ ದುಡಿಮೆಗೆ ನಾನು ತಲೆಬಾಗುತ್ತೇನೆ. ಬಿಸಿಲಲ್ಲಿ, ತಮ್ಮದೇ ಪೆಟ್ರೋಲಿನಲ್ಲಿ ಹಳ್ಳಿ ಹಳ್ಳಿ ತಿರುಗುವವರು ಅವರು. ವ್ಯವಸ್ಥೆಯ ಲೆಕ್ಕವೇ ತಪ್ಪಿದೆ.

ಈ ಲೆಕ್ಕ ತಪ್ಪೆಂದು ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ 2021ರ ಅಕ್ಟೋಬರ್ 28ರಂದು ಬಂದ ತೀರ್ಪಿನ ಪ್ರಕಾರ ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕು, ಮುಂದಿನ ಹಂತಗಳಲ್ಲಿ 15ಕ್ಕೆ ಒಬ್ಬರು. ಅಷ್ಟು ಜನ ಸಿಗುವವರೆಗೆ ಅಕ್ಕಪಕ್ಕದ ಶಾಲೆಗಳ ಗುಂಪಿಗೆ ಒಬ್ಬರಂತೆ ಸುತ್ತುವ ಶಿಕ್ಷಕರನ್ನು ನೇಮಿಸಬಹುದು ಎಂದೂ ಅದೇ ತೀರ್ಪು ಹೇಳಿತು. 2025ರ ಮಾರ್ಚ್‌ನಲ್ಲಿ ನ್ಯಾಯಾಲಯ ಮತ್ತೆ ರಾಜ್ಯಗಳನ್ನು ಕೇಳಿತು: ಹುದ್ದೆಗಳನ್ನು ಮಂಜೂರು ಮಾಡಿ ಅಧಿಸೂಚನೆ ಹೊರಡಿಸಿ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. ಕಾಯಿದೆಗೆ ಕೊರತೆಯಿಲ್ಲ. ನಮ್ಮಲ್ಲಿ ಸಮೂಹ ಸಂಪನ್ಮೂಲ ಕೇಂದ್ರಗಳು ಈಗಾಗಲೇ ಇವೆ, ಹತ್ತಾರು ಶಾಲೆಗಳನ್ನು ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿಗಳು (ಸಿ.ಆರ್.ಪಿ.) ಇದ್ದಾರೆ. ಪ್ರತಿ ಸಮೂಹಕ್ಕೆ ಒಬ್ಬ ವಿಶೇಷ ಶಿಕ್ಷಕರು ಬಂದರೆ ಮಗು ವಾರಕ್ಕೊಮ್ಮೆಯಾದರೂ ಅವರ ಮುಖ ನೋಡುತ್ತದೆ. ಉಳಿದ ದಿನ ತರಗತಿಯ ಶಿಕ್ಷಕರೇ ಕಲಿಸಬೇಕು, ಅವರಿಗೆ ಏನು ಮಾಡಬೇಕೆಂದು ವಾರವಾರ ಹೇಳಲು ಒಬ್ಬರಿರಬೇಕು. ಇದಕ್ಕಿಂತ ಕಡಿಮೆಗೆ ನಾವು ಒಪ್ಪಬಾರದು.

ಈ ಎರಡು ತಾಲ್ಲೂಕುಗಳ ಅದೃಷ್ಟವೆಂದರೆ ಮೈಸೂರು ಹತ್ತಿರವಿದೆ. 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ನಮ್ಮ ಜನ ಸ್ಪೀಚ್ ಅಂಡ್ ಹಿಯರಿಂಗ್ ಅನ್ನುತ್ತಾರಲ್ಲ ಅದು, ಮಾನಸಗಂಗೋತ್ರಿಯಲ್ಲಿದೆ. ಅಲ್ಲಿನ ಶಾಲಾಪೂರ್ವ ತರಗತಿಗಳಲ್ಲಿ ತಾಯಂದಿರು ಮಕ್ಕಳೊಡನೆ ಕೂತು ಕಲಿಸುವುದನ್ನು ಕಲಿಯುತ್ತಾರೆ. ಆ ಸಂಸ್ಥೆ ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿಯಲ್ಲಿ ತನ್ನ ಹೊರಸೇವಾ ಕೇಂದ್ರವನ್ನೂ ತೆರೆದಿದೆ. ಆದರೆ ಹತ್ತಿರ ಎನ್ನುವುದು ಎಲ್ಲರಿಗೂ ಒಂದೇ ಅಲ್ಲ. ನಂಜನಗೂಡಿನವರಿಗೆ ಚಾಮರಾಜನಗರದ ರೈಲೂ ಇದೆ, ಬಸ್ಸೂ ಇದೆ. ತಿ. ನರಸೀಪುರಕ್ಕೆ ರೈಲು ಇಲ್ಲ. ತಲಕಾಡಿನ ಆಚೆಯ ಹಳ್ಳಿಯ ತಾಯಿ ಎರಡು ಬಸ್ಸು ಬದಲಾಯಿಸಿ ಮೈಸೂರು ಮುಟ್ಟುವಷ್ಟರಲ್ಲಿ ಟೋಕನ್ ಮುಗಿದಿರುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ತಾಯಿಯ ಬಸ್ ಚಾರ್ಜು ಉಳಿದಿದೆ. ಎಷ್ಟೋ ಮಕ್ಕಳ ಚಿಕಿತ್ಸೆ ಅದರಿಂದ ಮುಂದುವರಿದಿದೆ ಎಂದು ನಾನು ನಂಬುತ್ತೇನೆ. ಕೂಲಿ ಉಳಿದಿಲ್ಲ. ನಾಲೆಯಲ್ಲಿ ನೀರು ಬಿಟ್ಟು ನಾಟಿ ಶುರುವಾದರೆ ಒಂದು ದಿನದ ಕೂಲಿಯನ್ನು ಬಿಡಲು ಯಾವ ಬಡ ಹೆಂಗಸಿಗೂ ಆಗದು. ನಂಜನಗೂಡಿನ ಕೈಗಾರಿಕಾ ಪ್ರದೇಶಕ್ಕೆ ಬೆಳಿಗ್ಗೆ ಕಂಪನಿ ಬಸ್ಸು ಹತ್ತುವ ತಾಯಿಗೆ ರಜೆ ಹಾಕಿದರೆ ಸಂಬಳ ಕಡಿತ. ಚಿಕಿತ್ಸೆ, ತರಬೇತಿ ಎಲ್ಲವೂ ಊರಿನ ಶಾಲೆಯ ಹತ್ತಿರಕ್ಕೆ ಬರಬೇಕು ಅನ್ನುವುದು ಇದಕ್ಕೇ. ಹುಲ್ಲಹಳ್ಳಿಯಲ್ಲಿ ಆದದ್ದು ಬನ್ನೂರಿನಲ್ಲೂ ತಲಕಾಡಿನಲ್ಲೂ ಆಗಲಿ.

ಹೆಣ್ಣುಮಕ್ಕಳ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಬೌದ್ಧಿಕ ವಿಕಲಚೇತನ ಹುಡುಗಿ ಮೈನೆರೆದ ತಿಂಗಳೇ ಶಾಲೆ ಬಿಡುತ್ತಾಳೆ. ಬಟ್ಟೆ ಬದಲಾಯಿಸಿಕೊಳ್ಳುವುದು ಬಾರದು, ಮೈ ಕೈ ಮುಟ್ಟಿದವರ ವಿಷಯ ಮನೆಯಲ್ಲಿ ಹೇಳುವುದು ಬಾರದು ಎಂಬ ಭಯ ತಾಯಿಗೆ. ಆ ಭಯ ಸುಳ್ಳಲ್ಲ. ಮುಟ್ಟಿನ ಶುಚಿಯನ್ನೂ, ಬೇಡ ಎಂದು ಕೂಗುವುದನ್ನೂ, ಯಾರಿಗೆ ಹೇಳಬೇಕು ಎಂಬುದನ್ನೂ ಅಂಗಿಯ ಗುಂಡಿಯಂತೆಯೇ ಹೆಜ್ಜೆ ಹೆಜ್ಜೆಯಾಗಿ ಕಲಿಸಬಹುದು, ಮೂರನೇ ನಾಲ್ಕನೇ ತರಗತಿಯಲ್ಲೇ ಶುರುಮಾಡಬೇಕು. ಹುಡುಗಿಯನ್ನು ಮನೆಯಲ್ಲಿ ಕೂರಿಸಿದರೆ ಅವಳು ಸುರಕ್ಷಿತಳಾಗುವುದಿಲ್ಲ. ಮನೆಯವರೆಲ್ಲ ಕೂಲಿಗೆ ಹೋದ ಮೇಲೆ ಅವಳು ಒಂಟಿ. ಶಾಲೆಯಲ್ಲಿ ಅವಳನ್ನು ನೋಡುವ ಕಣ್ಣುಗಳಾದರೂ ಇರುತ್ತವೆ.

ವಿಶೇಷ ಶಾಲೆಗಳು ಬೇಡವೇ ಎಂದು ಕೇಳುವವರಿದ್ದಾರೆ. ತೀವ್ರ ಮತ್ತು ಬಹುವಿಧ ನ್ಯೂನತೆಯ ಮಕ್ಕಳಿಗೆ ಬೇಕು. ಶಿಶುಕೇಂದ್ರಿತ ಯೋಜನೆಯಲ್ಲಿ ಅನುದಾನ ಪಡೆದು ನಡೆಯುವ ಶಾಲೆಗಳು ದೊಡ್ಡ ಕೆಲಸ ಮಾಡುತ್ತಿವೆ. ಶಿಕ್ಷಣ ಹಕ್ಕು ಕಾಯಿದೆಗೆ 2012ರಲ್ಲಿ ಆದ ತಿದ್ದುಪಡಿ ತೀವ್ರ ನ್ಯೂನತೆಯ ಮಕ್ಕಳಿಗೆ ಮನೆಯಲ್ಲೇ ಕಲಿಯುವ ಆಯ್ಕೆಯನ್ನೂ ಕೊಟ್ಟಿದೆ. ಆದರೆ ಆ ಆಯ್ಕೆ ಮಗುವಿನ ಕಡೆಯದು. ಶೌಚಾಲಯದ ರೂಢಿ ಇಲ್ಲ, ಜೊಲ್ಲು ಸುರಿಸುತ್ತದೆ, ಬೇರೆ ಮಕ್ಕಳಿಗೆ ತೊಂದರೆ ಎಂದು ಶಾಲೆಯೇ ಮಗುವನ್ನು ಗೃಹಾಧಾರಿತ ಶಿಕ್ಷಣದ ಪಟ್ಟಿಗೆ ಸೇರಿಸುವುದು ಅನ್ಯಾಯ. ಸೌಮ್ಯ ಮತ್ತು ಮಧ್ಯಮ ಗುಂಪಿನ ಮಗುವಿನ ಜಾಗ ಊರಿನ ಶಾಲೆಯೇ. ನಾಳೆ ಅದು ಬದುಕಬೇಕಾದದ್ದು ಅದೇ ಊರಿನಲ್ಲಿ, ಅದೇ ಬೆಂಚಿನ ಗೆಳೆಯರ ನಡುವೆ.

ಕೊನೆಯದಾಗಿ ಮೂರು ಕಡೆಯವರಲ್ಲಿ ಕೇಳಿಕೊಳ್ಳುತ್ತೇನೆ. ಎರಡೂ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳಲ್ಲಿ: ನಾಲ್ಕು ಮತ್ತು ಐದನೇ ತರಗತಿಯಲ್ಲಿರುವ ಈ ಮಕ್ಕಳಿಗೆ ನಲಿಕಲಿ ಕಾರ್ಡುಗಳಿಂದ ಕಲಿಸಬಹುದು ಎಂದು ಒಂದು ಸುತ್ತೋಲೆ ಕೊಡಿ. ಶಿಕ್ಷಕರು ಹೆದರುವುದು ಕಲಿಸಲು ಅಲ್ಲ, ಪಠ್ಯ ಮುಗಿದಿಲ್ಲ ಎಂಬ ಮಾತಿಗೆ. ಶಾಲಾಭಿವೃದ್ಧಿ ಸಮಿತಿಗಳಲ್ಲಿ: 2012ರ ತಿದ್ದುಪಡಿಯ ಪ್ರಕಾರ ವಿಕಲಚೇತನ ಮಗು ಅವಕಾಶವಂಚಿತ ಗುಂಪಿಗೆ ಸೇರುತ್ತದೆ, ಆ ಗುಂಪಿನ ಪೋಷಕರಿಗೆ ಸಮಿತಿಯಲ್ಲಿ ಸ್ಥಾನ ಕೊಡಬೇಕು ಎಂದು ಕಾಯಿದೆ ಹೇಳುತ್ತದೆ. ಮುಂದಿನ ಸಮಿತಿ ರಚನೆಯಲ್ಲಿ ಅಂಥ ಒಬ್ಬ ತಾಯಿಯನ್ನು ಹೆಸರು ಕರೆದು ಕೂರಿಸಿ. ಶಿಕ್ಷಕರಲ್ಲಿ: ನಿಮ್ಮ ತರಗತಿಯ ಈ ಒಂದು ಮಗುವಿಗೆ ದಿನಕ್ಕೆ ಹದಿನೈದು ನಿಮಿಷ ತೆಗೆದಿಡಿ, ಏನು ಕಲಿಸಿದಿರಿ ಎಂದು ಒಂದು ಸಾಲು ಬರೆದಿಡಿ. ವರ್ಷದ ಕೊನೆಗೆ ಆ ಪುಸ್ತಕವನ್ನು ಮುಂದಿನ ತರಗತಿಯ ಶಿಕ್ಷಕರ ಕೈಗೆ ಕೊಡಿ.